ಗಾಳಿಯಲ್ಲಿ ನಿಂತ ಸೊನ್ನೆ

"ಏಳು!" ಎಂದಳು ಇಂಚುಪಟ್ಟಿ. "ಸರಿಯಾಗಿ ಏಳು ಮಿಲಿಮೀಟರ್."

ಅವಳ ಕೆನ್ನೆ ಮೇಜಿಗೆ ಅಂಟಿಕೊಂಡಿತ್ತು. ಒಂದು ಕಣ್ಣು ಮುಚ್ಚಿತ್ತು. ತೆರೆದ ಕಣ್ಣಿನ ಎದುರಿಗೆ, ಲ್ಯಾಪ್‌ಟಾಪಿನ ಹೊಟ್ಟೆಯಿಂದ ಆಗಷ್ಟೇ ಹೊರಬಂದ ಹಾರ್ಡ್ ಡ್ರೈವ್ ಮಲಗಿತ್ತು. ಅದರ ಪಕ್ಕದಲ್ಲಿ ಕಂಪಾಸ್ ಬಾಕ್ಸಿನ ಪ್ಲಾಸ್ಟಿಕ್ ಸ್ಕೇಲನ್ನು ನೆಟ್ಟಗೆ ನಿಲ್ಲಿಸಿ ಅವಳು ದಪ್ಪ ನೋಡುತ್ತಿದ್ದಳು.

ಮೇಜಿನ ಆಚೆ ಬದಿಯಲ್ಲಿ ಇನ್ನೊಂದು ಮುಖವಿತ್ತು. ಅದು ತಮ್ಮನದು. ಈ ವರ್ಷವಷ್ಟೇ ಒಂದನೇ ಕ್ಲಾಸಿಗೆ ಸೇರಿದ್ದ. ಅಕ್ಕ ಹೋದಲ್ಲೆಲ್ಲ ಹಿಂದೆಯೇ ಹೋಗುವುದರಿಂದ ಅವನಿಗೆ ಬಾಲ ಎಂದೇ ಹೆಸರು.

"ಅಕ್ಕಾ, ಸೊನ್ನೆ ಗಾಳೀಲಿದೆ," ಎಂದ ಬಾಲ.

"ಸುಮ್ನಿರೋ. ನೀನು ಆಟಕ್ಕುಂಟು, ಲೆಕ್ಕಕ್ಕಿಲ್ಲ."

ಬಾಲ ಮೇಜಿನಿಂದ ಮುಖ ಎತ್ತಿದ. ಆ ಮಾತು ಅವನಿಗೆ ಹೊಸದಲ್ಲ. ಸಂಜೆ ಮನೆ ಹಿಂದಿನ ಅಂಗಳದಲ್ಲಿ ಕಣ್ಣಾಮುಚ್ಚಾಲೆ ಆಡುವಾಗಲೂ ಅವನು ಆಟಕ್ಕುಂಟು, ಲೆಕ್ಕಕ್ಕಿಲ್ಲ. ಎಲ್ಲರಂತೆ ಓಡಬಹುದು, ಎಲ್ಲರಂತೆ ಬಚ್ಚಿಟ್ಟುಕೊಳ್ಳಬಹುದು. ಆದರೆ ಸಿಕ್ಕಿಬಿದ್ದರೆ, "ಅಯ್ಯೋ, ಇವನಾ!" ಎಂದು ಬಿಟ್ಟುಬಿಡುತ್ತಾರೆ. ಕಳ್ಳನಾಗುವ ಸರದಿ ಅವನಿಗೆ ಒಮ್ಮೆಯೂ ಬಂದಿಲ್ಲ.

ಅಕ್ಕನಿಗೆ ಇಂಚುಪಟ್ಟಿ ಎಂದು ಹೆಸರಿಟ್ಟವರು ಅಪ್ಪ. ಅಪ್ಪ ಬಸ್ ಡ್ರೈವರ್. ಒಂದು ದಿನ ಕೆಲಸ ಮುಗಿಸಿ ಬಂದು ಮಲಗಿದ್ದಾಗ ಮಗಳು ಅವರ ಮೀಸೆಯನ್ನೇ ಅಳೆಯುತ್ತಿದ್ದಳು. "ಎಡಗಡೆ ಸ್ವಲ್ಪ ಉದ್ದ ಇದೆ ಅಪ್ಪಾ," ಎಂದು ಬೇರೆ ಹೇಳಿದ್ದಳು. ಅವತ್ತಿನಿಂದ ಆ ಹೆಸರು ಗಟ್ಟಿಯಾಯಿತು.

"ಖಂಡಿತ ಏಳು ತಾನೇ?" ಎಂದು ಅಮ್ಮ ಕೇಳಿದಳು. ಅವಳ ಬಾಯಲ್ಲಿ ಎರಡು ಸ್ಕ್ರೂ ಇದ್ದವು. ಹೊಲಿಗೆ ಮಾಡುವಾಗ ಗುಂಡುಸೂಜಿ ಕಚ್ಚಿಕೊಳ್ಳುವ ಅಭ್ಯಾಸ.

"ಎರಡು ಸಲ ನೋಡಿದೆ ಅಮ್ಮಾ."

"ಸರಿ. ನಿನ್ನ ಅಳತೆ ಅಂದ್ಮೇಲೆ ಮುಗೀತು."

ಆ ಮಾತು ಕೇಳಿ ಇಂಚುಪಟ್ಟಿ ಒಂದು ಇಂಚು ಎತ್ತರವಾದಳು.

ಅಮ್ಮನದು ಕಸೂತಿ ಕೆಲಸ. ಆದರೆ ಕೈಯಲ್ಲಿ ಅಲ್ಲ, ಮಷಿನ್‌ನಲ್ಲಿ. ಚಿತ್ರವನ್ನು ಲ್ಯಾಪ್‌ಟಾಪಿನಲ್ಲಿ ಬರೆದು, ಪೆನ್‌ಡ್ರೈವಿಗೆ ಹಾಕಿ, ಅದನ್ನು ಕಸೂತಿ ಮಷಿನ್ನಿಗೆ ಚುಚ್ಚಿದರೆ ಸಾಕು. ಸೂಜಿ ತಾನಾಗಿ ಕುಣಿದು ಬಟ್ಟೆಯ ಮೇಲೆ ಅದೇ ಚಿತ್ರ ಬಿಡಿಸುತ್ತದೆ. ಈಗ ಒಂದು ಫುಟ್‌ಬಾಲ್ ತಂಡದ ಜಾಕೆಟ್‌ಗಳು ಮೂಲೆಯಲ್ಲಿ ರಾಶಿ ಬಿದ್ದಿದ್ದವು. ಪ್ರತಿಯೊಂದರ ಎದೆಯ ಮೇಲೂ ಹಾರುವ ಹದ್ದು ಬರಬೇಕು, ಬೆನ್ನ ಮೇಲೆ ಆಟಗಾರನ ಹೆಸರು ಬರಬೇಕು. ಶನಿವಾರ ತಂಡ ಆಡಲು ಹೊರಡುತ್ತದೆ.

ಆದರೆ ಲ್ಯಾಪ್‌ಟಾಪ್ ಹದ್ದಿನ ಒಂದು ರೆಕ್ಕೆ ಬರೆಯುವಷ್ಟರಲ್ಲಿ ನಿಂತುಬಿಡುತ್ತಿತ್ತು. ಒಳಗಿನಿಂದ ಟಕ್, ಟಕ್ ಎಂದು ಸದ್ದು ಬೇರೆ. ಅಮ್ಮ ಕಂಪ್ಯೂಟರ್ ಅಂಗಡಿಗೆ ಫೋನ್ ಮಾಡಿದಾಗ ಅಂಗಡಿ ಆಂಟಿ ಆ ಸದ್ದನ್ನು ಫೋನಿನಲ್ಲೇ ಕೇಳಿಸಿಕೊಂಡರು. "ಹಾರ್ಡ್ ಡ್ರೈವ್ ಹೋಗ್ತಾ ಇದೆ. ಪೂರ್ತಿ ಹೋಗೋದಕ್ಕೆ ಮುಂಚೆ ಬದಲಾಯಿಸಿ. ಹಳೇದರ ಅಳತೆ ತಗೊಂಡು ಬನ್ನಿ," ಎಂದಿದ್ದರು.

ಅಳತೆ ಎಂದರೆ ಇಂಚುಪಟ್ಟಿಯ ಕೆಲಸ. ಡ್ರೈವಿನ ಮೇಲಿದ್ದ ಚೀಟಿ ಬಿಸಿಗೆ ಕಂದಿ ಅಕ್ಷರವೇ ಕಾಣುತ್ತಿರಲಿಲ್ಲ. ಹಾಗಾಗಿ ಸ್ಕೇಲೇ ಗತಿ.

"ಡ್ರೈವನ್ನೇ ತಗೊಂಡು ಹೋಗಿ ತೋರಿಸ್ಲಾ?" ಎಂದು ಅವಳು ಕೇಳಿದಳು.

"ಬೇಡ. ಇದನ್ನ ಮತ್ತೆ ಒಳಗೆ ಕೂರಿಸಿ, ಉಸಿರಾಡ್ತಾ ಇರುವಾಗಲೇ ನನ್ನ ಡಿಸೈನ್‌ಗಳನ್ನೆಲ್ಲ ಪೆನ್‌ಡ್ರೈವ್‌ಗೆ ಹಾಕ್ಕೋತೀನಿ. ನೀವಿಬ್ರೂ ಹೋಗಿ ಬನ್ನಿ. ಯಾವುದು ಬೇಕು ಅಂತ ನೀನೇ ಕೇಳಿ ಆರಿಸು. ಹಣದ ವಿಷಯ ನಾನು ಆಂಟಿ ಹತ್ರ ಮಾತಾಡಿದೀನಿ."

ನೀನೇ ಆರಿಸು! ಇಂಚುಪಟ್ಟಿ ಚಪ್ಪಲಿ ಹಾಕಿಕೊಂಡದ್ದೇ ಅವಳಿಗೆ ಗೊತ್ತಾಗಲಿಲ್ಲ. ಬೀದಿಗೆ ಇಳಿದಾಗ ನೋಡಿದರೆ ಒಂದು ಚಪ್ಪಲಿ ಅಮ್ಮನದು. ವಾಪಸ್ ಹೋಗಿ ಬದಲಾಯಿಸಿಕೊಂಡು ಬಂದಳು. ಬಾಲನೂ ಅವಳ ಹಿಂದೆಯೇ ವಾಪಸ್ ಹೋಗಿ, ಹಿಂದೆಯೇ ಬಂದ.

ಅಂಗಡಿ ಬೀದಿಯ ಕೊನೆಯಲ್ಲಿತ್ತು. ಬಾಗಿಲಿಗಿಂತ ಸ್ವಲ್ಪವೇ ಅಗಲ. ಗೋಡೆ ತುಂಬ ನೇತಾಡುವ ಕೇಬಲ್‌ಗಳು. ಆಂಟಿ ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು ಕನ್ನಡಕ ಹುಡುಕುತ್ತಿದ್ದರು.

"ತಲೆ ಮೇಲಿದೆ ಆಂಟಿ," ಎಂದ ಬಾಲ.

"ಓ! ಥ್ಯಾಂಕ್ಸ್ ಕಣೋ ಮರಿ. ಹೇಳಮ್ಮಾ, ಏನು ಅಳತೆ?"

"ಆಂಟಿ, ನೀವು ಫೋನ್‌ನಲ್ಲಿ ಎರಡೂವರೆ ಇಂಚಿನ ಡ್ರೈವ್ ಅಂದ್ರಂತೆ. ಅದು ತಪ್ಪು. ನಮ್ಮದರ ಅಗಲ ಎರಡೂ ಮುಕ್ಕಾಲು ಇಂಚಿದೆ. ಉದ್ದ ಹತ್ತು ಸೆಂಟಿಮೀಟರ್. ಎರಡೂವರೆ ಎಲ್ಲೂ ಇಲ್ಲ."

ಆಂಟಿ ಜೋರಾಗಿ ನಕ್ಕರು. "ಇಷ್ಟು ವರ್ಷದಲ್ಲಿ ಇದನ್ನ ಅಳೆದು ನೋಡಿದೋಳು ನೀನೊಬ್ಬಳೇ!" ಎನ್ನುತ್ತ ಡ್ರಾಯರಿನಿಂದ ಒಂದು ಕೆಟ್ಟ ಡ್ರೈವ್ ತೆಗೆದರು. ಅದಕ್ಕೆ ಮುಚ್ಚಳ ಇರಲಿಲ್ಲ. ಒಳಗೆ ಕನ್ನಡಿಯಂತೆ ಹೊಳೆಯುವ ಒಂದು ದುಂಡನೆಯ ತಟ್ಟೆ. ಅದರ ಮೇಲೆ ಕೊಕ್ಕರೆಯ ಕೊಕ್ಕಿನಂಥ ಒಂದು ತೆಳು ಕೈ.

"ಎರಡೂವರೆ ಅಂದ್ರೆ ಈ ತಟ್ಟೆಯ ಅಗಲ, ಹೆಚ್ಚೂ ಕಡಿಮೆ. ಹೊರಗಿನ ಡಬ್ಬಿದಲ್ಲ. ಆ ಹೆಸರೇ ನಿಂತುಹೋಯ್ತು."

ಬಾಲ ತಟ್ಟೆಯಲ್ಲಿ ತನ್ನ ಹಲ್ಲು ನೋಡಿಕೊಂಡ. ಒಂದು ಅಲ್ಲಾಡುತ್ತಿತ್ತು.

"ಈಗ ಆರಿಸು," ಎಂದು ಆಂಟಿ ಎರಡು ಬಾಕ್ಸ್ ಇಟ್ಟರು. "ಇದು ಹಳೇದರ ಥರಾನೇ, ತಟ್ಟೆ ತಿರುಗೋದು. ತುಂಬಾ ಜಾಗ ಇರುತ್ತೆ. ಇದು ಎಸ್‌ಎಸ್‌ಡಿ. ಅದರ ಅರ್ಧದಷ್ಟೇ ಜಾಗ. ಆದ್ರೆ ಒಳಗೆ ತಿರುಗೋದು ಏನೂ ಇಲ್ಲ, ಎಲ್ಲಾ ಚಿಪ್."

ಇಂಚುಪಟ್ಟಿಯ ಕೈ ಜಾಸ್ತಿ ಜಾಗದ ಬಾಕ್ಸಿನ ಕಡೆ ಹೋಯಿತು. ದೊಡ್ಡದಿದ್ದರೆ ಒಳ್ಳೆಯದೇ ಅಲ್ಲವೇ?

"ಒಂದು ನಿಮಿಷ," ಎಂದರು ಆಂಟಿ. "ಅಮ್ಮ ಲ್ಯಾಪ್‌ಟಾಪ್ ಎಲ್ಲಿಟ್ಕೊಂಡು ಕೆಲಸ ಮಾಡ್ತಾರೆ?"

"ಕಸೂತಿ ಮಷಿನ್ ಪಕ್ಕ. ಅದೇ ಟೇಬಲ್ ಮೇಲೆ."

"ಮಷಿನ್ ಓಡುವಾಗ ಟೇಬಲ್ ಅಲುಗುತ್ತಾ?"

"ಅಷ್ಟೇನಿಲ್ಲ," ಎಂದಳು ಇಂಚುಪಟ್ಟಿ.

"ಅಲುಗುತ್ತೆ!" ಎಂದ ಬಾಲ. "ನನ್ನ ಬಸ್ಸು ಅದರ ಮೇಲೆ ತಾನಾಗೇ ಓಡುತ್ತೆ. ಆಮೇಲೆ ಕೆಳಗೆ ಬೀಳುತ್ತೆ."

ಇಂಚುಪಟ್ಟಿ ಮುಚ್ಚಳವಿಲ್ಲದ ಡ್ರೈವನ್ನು ನೋಡಿದಳು. ತೆಳು ಕೈ ತಟ್ಟೆಗೆ ತಾಗಿಯೂ ತಾಗದಂತೆ ನಿಂತಿತ್ತು. ನಡುವೆ ಕೂದಲು ತೂರಿಸುವಷ್ಟೂ ಜಾಗವಿರಲಿಲ್ಲ. ತಟ್ಟೆ ಗಿರಗಿರ ತಿರುಗುವಾಗ ಟೇಬಲ್ ದಿನವಿಡೀ ನಡುಗಿದರೆ?

"ತಿರುಗದೇ ಇರೋದೇ ಕೊಡಿ ಆಂಟಿ. ನಮ್ಮದರಲ್ಲಿ ಅರ್ಧ ಜಾಗಾನೂ ತುಂಬಿಲ್ಲ, ನಾನು ನೋಡಿದೀನಿ."

"ಜಾಣೆ. ದಪ್ಪ ಎಷ್ಟಿದೆ? ಇದು ಏಳು ಮಿಲಿಮೀಟರ್. ಹಳೇದು ಕೆಲವು ಒಂಬತ್ತೂವರೆ ಇರುತ್ತೆ. ಹಾಗಿದ್ರೆ ಈ ಫ್ರೇಮ್ ಅಂಟಿಸ್ಕೋಬೇಕು."

ಫ್ರೇಮ್ ಎಂದರೆ ಒಂದು ಕಪ್ಪು ಪ್ಲಾಸ್ಟಿಕ್ ಚೌಕಟ್ಟು. ನಡುವೆ ಖಾಲಿ, ಸುತ್ತ ತೆಳುವಾದ ಅಂಚು.

"ನಮ್ಮದು ಏಳೇ. ನಾನೇ ಅಳೆದಿದ್ದು."

"ಹಾಗಾದ್ರೆ ಇದರ ಕೆಲಸ ಇಲ್ಲ."

"ನಂಗೆ ಕೊಡ್ತೀರಾ ಆಂಟಿ?" ಎಂದ ಬಾಲ, ಆ ಮಾತಿಗೇ ಕಾಯುತ್ತಿದ್ದವನಂತೆ.

ಆಂಟಿ ಕೊಟ್ಟರು. ಹಳೆಯ ಡ್ರೈವಿನಲ್ಲಿರುವುದನ್ನೆಲ್ಲ ಹೊಸದಕ್ಕೆ ಕಾಪಿ ಮಾಡಲು ಒಂದು ಕೇಬಲನ್ನೂ ಕೊಟ್ಟು, "ಇದನ್ನ ಮಾತ್ರ ವಾಪಸ್ ತಂದ್ಕೊಡಿ," ಎಂದರು.

ಮನೆಗೆ ಬಂದ ಮೇಲೆ ಕಾಪಿ ಮಾಡುವ ಕೆಲಸ ಆಮೆಯಂತೆ ಸಾಗಿತು. ಹಳೆಯ ಡ್ರೈವ್ ನಡುನಡುವೆ ಟಕ್ ಎಂದಾಗಲೆಲ್ಲ ಮೂವರೂ ಉಸಿರು ಬಿಗಿಹಿಡಿದರು. ಅಷ್ಟರಲ್ಲಿ ಬಾಲನ ಬಿಸ್ಕತ್ತಿನ ಡಬ್ಬದ ಬಸ್ಸಿಗೆ ಮುಂದಿನ ಗಾಜು ಬಂದಿತ್ತು. ಕಪ್ಪು ಚೌಕಟ್ಟು ಅಳತೆ ಕೊಟ್ಟು ಮಾಡಿಸಿದಂತೆ ಕೂತಿತ್ತು. ಗಾಜೇ ಇಲ್ಲದಿದ್ದರೂ ಬಾಲ ಅದನ್ನು ಬಟ್ಟೆಯಲ್ಲಿ ಒರೆಸುತ್ತಿದ್ದ.

ಕೊನೆಗೂ ಕಾಪಿ ಮುಗಿಯಿತು. ಅಮ್ಮ ಚಾರ್ಜರ್ ತೆಗೆದು, ಬ್ಯಾಟರಿ ಕಳಚಿ, ಹಳೆಯ ಡ್ರೈವನ್ನು ಹೊರಗಿಟ್ಟಳು. ಇಂಚುಪಟ್ಟಿ ಹೊಸದನ್ನು ಅದರ ಜಾಗದಲ್ಲಿ ಮಲಗಿಸಿ ಮುಂದಕ್ಕೆ ತಳ್ಳಿದಳು. ಮುಚ್ಚಳ ಬಂತು. ಸ್ಕ್ರೂ ಬಂದವು. ಸ್ವಿಚ್ ಒತ್ತಿದರು.

ಕಪ್ಪು ಪರದೆ. ಅದರ ಮೇಲೆ ಬಿಳಿಯ ಒಂದೇ ಸಾಲು. ಡ್ರೈವ್ ಸಿಗುತ್ತಿಲ್ಲ ಎಂದು ಅದರ ಅರ್ಥ.

ಅಮ್ಮ ಲ್ಯಾಪ್‌ಟಾಪನ್ನು ಎತ್ತಿ ಮೆಲ್ಲಗೆ ಅಲುಗಿಸಿದಳು. ಒಳಗೆ ಏನೋ ಗಡಗಡ ಎಂದಿತು. "ಒಳಗೆ ಸಡಿಲ ಆಗಿದೆ ಕಣೇ. ಹಿಡ್ಕೊಂಡು ಕೂತಿಲ್ಲ."

"ಸಡಿಲ ಇರೋಕೆ ಸಾಧ್ಯವೇ ಇಲ್ಲ. ನಾನು ಸರಿಯಾಗೇ ಅಳೆದಿದೀನಿ!"

ಮತ್ತೆ ಬಿಚ್ಚಿದರು. ಇಂಚುಪಟ್ಟಿ ಎರಡೂ ಡ್ರೈವನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟಳು. ಹೊಸದು ತೆಳ್ಳಗಿತ್ತು. ಕಣ್ಣಿಗೇ ಕಾಣುವಷ್ಟು. ಅವಳು ಸ್ಕೇಲನ್ನು ಹೊಸದರ ಪಕ್ಕ ನೆಟ್ಟಗೆ ನಿಲ್ಲಿಸಿ ಒಂದು ಕಣ್ಣು ಮುಚ್ಚಿದಳು.

"ನಾಲ್ಕೂವರೆ! ಅಮ್ಮಾ, ಇದು ಏಳಲ್ಲ, ನಾಲ್ಕೂವರೆ! ಬಾಕ್ಸ್ ಮೇಲೆ ಏಳು ಅಂತ ಬರೆದಿದ್ದಾರೆ. ಆಂಟಿ ಮೋಸ ಮಾಡಿದ್ದಾರೆ!"

"ಹಾಗೆಲ್ಲ ಅನ್ಬಾರ್ದು."

"ಮತ್ತೆ ಇದೇನು? ಈಗ್ಲೇ ಹೋಗಿ ಕೇಳ್ತೀನಿ. ಜಾಣೆ, ಜಾಣೆ ಅಂತ ಹೊಗಳಿ ಟೋಪಿ ಹಾಕಿದ್ರು!"

ಅವಳ ಕಿವಿ ಕೆಂಪಾಗಿತ್ತು. ಅಮ್ಮ ಮೂಲೆಯಲ್ಲಿದ್ದ ಜಾಕೆಟ್‌ಗಳ ರಾಶಿಯನ್ನು ನೋಡಿದಳು. ಅದು ಬೈಗುಳಕ್ಕಿಂತ ಕಷ್ಟವಾಗಿತ್ತು.

ನೆಲದ ಮೇಲಿಂದ ಸಣ್ಣ ದನಿ ಬಂತು. ಬಾಲ ತನ್ನ ಬಸ್ಸಿಗೆ ಹೇಳುತ್ತಿದ್ದ. "ಡ್ರೈವರ್ ಸಾರ್, ಸೊನ್ನೆ ಈಗ್ಲೂ ಗಾಳೀಲೇ ಇದೆ. ಹೇಳೋ ಹಾಗಿಲ್ಲ. ನಾವು ಲೆಕ್ಕಕ್ಕಿಲ್ಲ."

ಇಂಚುಪಟ್ಟಿಯ ಕೈಯಲ್ಲಿ ಸ್ಕೇಲ್ ಇನ್ನೂ ನಿಂತೇ ಇತ್ತು. ಅವಳು ಮತ್ತೆ ಬಗ್ಗಿದಳು. ಈ ಸಲ ಮೇಲಿನ ಗೆರೆ ನೋಡಲಿಲ್ಲ. ಕೆಳಗೆ ನೋಡಿದಳು.

ಸೊನ್ನೆ ಮೇಜಿಗೆ ತಾಗಿರಲಿಲ್ಲ. ಸ್ಕೇಲಿನ ತುದಿಗೂ ಸೊನ್ನೆಯ ಗೆರೆಗೂ ನಡುವೆ ಒಂದು ಚೂರು ಖಾಲಿ ಪ್ಲಾಸ್ಟಿಕ್ ಇತ್ತು. ಅಲ್ಲಿ ಗೆರೆಯಿಲ್ಲ, ಅಂಕಿಯಿಲ್ಲ. ಹಾಗಾಗಿ ಅದು ಇದೆ ಎಂದು ಅವಳಿಗೆ ಅನ್ನಿಸಿರಲೇ ಇಲ್ಲ.

ಉದ್ದ, ಅಗಲ ನೋಡುವಾಗ ಅವಳು ಸೊನ್ನೆಯನ್ನು ಅಂಚಿಗೆ ಕೂರಿಸಿದ್ದಳು. ಶಾಲೆಯಲ್ಲಿ ಹೇಳಿಕೊಟ್ಟದ್ದು ಹಾಗೆಯೇ. ಆದರೆ ದಪ್ಪ ನೋಡುವಾಗ ಸ್ಕೇಲನ್ನು ಅಮ್ಮನ ಟೇಪಿನಂತೆ ನಿಲ್ಲಿಸಿದ್ದಳು. ಲಂಗ ನೆಲದಿಂದ ಎಷ್ಟು ಮೇಲಿದೆ ಎಂದು ನೋಡುವಾಗ ಅಮ್ಮ ಟೇಪಿನ ತುದಿಯನ್ನು ನೆಲಕ್ಕೆ ಊರುತ್ತಾಳೆ. ಟೇಪಿನಲ್ಲಿ ತುದಿಯೇ ಸೊನ್ನೆ. ಸ್ಕೇಲಿನಲ್ಲಿ ಅಲ್ಲ.

ಅವಳು ಆ ಖಾಲಿ ಚೂರನ್ನು ಟೇಪಿನಿಂದ ಅಳೆದಳು. ಎರಡು ಮಿಲಿಮೀಟರ್, ಮತ್ತೆ ಅರ್ಧ.

ನಾಲ್ಕೂವರೆಗೆ ಎರಡೂವರೆ ಸೇರಿದರೆ ಏಳು. ಬಾಕ್ಸ್ ಸುಳ್ಳು ಹೇಳಿರಲಿಲ್ಲ. ಏಳಕ್ಕೆ ಎರಡೂವರೆ ಸೇರಿದರೆ ಒಂಬತ್ತೂವರೆ. ಹಳೆಯದರ ದಪ್ಪ ಅದು.

"ಅಮ್ಮಾ," ಎಂದಳು. ದನಿ ಸಣ್ಣದಾಗಿತ್ತು. "ಆಂಟಿ ಸರಿ. ನಾನೇ ತಪ್ಪು ಅಳೆದೆ."

ಅಮ್ಮ ಸ್ಕೇಲ್ ಇಸಿದುಕೊಂಡು ತುದಿಯನ್ನು ಬೆರಳಿನಿಂದ ಸವರಿದಳು. "ಓಹೋ, ಇದಾ! ಹೋಗ್ಲಿ ಬಿಡು. ಬಟ್ಟೆ ಆಗಿದ್ರೆ ಇಷ್ಟೊತ್ತಿಗೆ ಕತ್ತರಿಸಿ ಆಗಿರ್ತಿತ್ತು. ಇದಕ್ಕೆ ಅಡಿಯಲ್ಲಿ ಏನಾದ್ರೂ ಇಟ್ರೆ ಆಯ್ತಲ್ಲ. ಎರಡೂವರೆ ಮಿಲಿಮೀಟರ್‌ದು ಏನಿದೆ ಮನೇಲಿ?"

ಇಂಚುಪಟ್ಟಿಗೆ ಗೊತ್ತಿತ್ತು. ಅವಳು ಬಸ್ಸಿನ ಕಡೆ ನೋಡಿದಳು. ಬಾಲನೂ ನೋಡಿದ. ನೋಡಿದವನೇ ಬಸ್ಸನ್ನು ಎದೆಗೆ ಅವುಚಿಕೊಂಡ.

ಬೇರೆ ದಿನವಾಗಿದ್ದರೆ ಅವಳು ಕಿತ್ತುಕೊಳ್ಳುತ್ತಿದ್ದಳು. ಅವನು ಅಳುತ್ತಿದ್ದ. ಅಮ್ಮ ಇಬ್ಬರಿಗೂ ಬೈಯುತ್ತಿದ್ದಳು. ಇಂದು ಅವಳು ನೆಲದ ಮೇಲೆ ಅವನ ಎದುರಿಗೆ ಕೂತಳು.

"ಬಾಲಾ, ಸೊನ್ನೆ ಗಾಳೀಲಿದೆ ಅಂತ ನೀನು ಬೆಳಗ್ಗೆನೇ ಹೇಳ್ದೆ."

"ಹೂಂ."

"ಕರೆಕ್ಟಾಗಿ ಹೇಳ್ದೆ."

ಬಾಲ ಅನುಮಾನದಿಂದ ನೋಡಿದ. ಅಕ್ಕನ ಬಾಯಿಂದ ಆ ಮಾತು ಬಂದಾಗ ಏನು ಮಾಡಬೇಕೆಂದು ಅವನಿಗೆ ಅಭ್ಯಾಸವಿರಲಿಲ್ಲ.

"ನಿನ್ನ ಬಸ್ಸಿನ ಫ್ರೇಮ್ ಕೊಡ್ತೀಯಾ? ಅದಿಲ್ದಿದ್ರೆ ಲ್ಯಾಪ್‌ಟಾಪ್ ಶುರು ಆಗಲ್ಲ."

"ಮತ್ತೆ ನನ್ನ ಬಸ್ಸಿಗೆ ಗಾಜು? ಮಳೆ ಬಂದ್ರೆ ಡ್ರೈವರ್ ಸಾರ್ ನೆನೀತಾರೆ."

ಇಂಚುಪಟ್ಟಿ ಕಂಪಾಸ್ ಬಾಕ್ಸ್ ತೆರೆದಳು. ಅದನ್ನು ಮುಟ್ಟಲು ಬಾಲನಿಗೆ ಎಂದೂ ಬಿಟ್ಟಿರಲಿಲ್ಲ. ಅದರೊಳಗಿಂದ ಅರ್ಧಚಂದ್ರದಂಥ ಕೋನಮಾಪಕವನ್ನು ತೆಗೆದು ಬಸ್ಸಿನ ಮುಂದೆ ಹಿಡಿದಳು. ಅದು ನಿಜವಾದ ಗಾಜಿನಂತೆಯೇ ಪಾರದರ್ಶಕ.

ಬಾಲ ಅದರೊಳಗಿಂದ ಅವಳನ್ನು ನೋಡಿದ. "ಇದರ ಮೇಲೆ ನಂಬರೂ ಇದೆ!"

"ಹೊಸ ಮಾಡೆಲ್ ಬಸ್ಸು."

"ಕ್ಲಾಸಲ್ಲಿ ಬೇಕಾದ್ರೆ?"

"ಬೇಕಾದಾಗ ನಿನ್ನ ಕೇಳಿ ತಗೋತೀನಿ."

ಬಾಲ ಕೋನಮಾಪಕವನ್ನು ಬಸ್ಸಿನ ಮುಂದೆ ಇನ್ನೊಮ್ಮೆ ಹಿಡಿದು ನೋಡಿದ. ಆಮೇಲೆ ಗಮ್ ಟೇಪನ್ನು ತಾನೇ ಬಿಡಿಸಿ, ಫ್ರೇಮ್ ತೆಗೆದು, ಬಟ್ಟೆಯಲ್ಲಿ ಒಮ್ಮೆ ಒರೆಸಿ ಕೊಟ್ಟ.

ಫ್ರೇಮ್ ಡ್ರೈವಿನ ಮೇಲೆ ಕೂತಿತು. ಎರಡೂ ಸೇರಿ ಲ್ಯಾಪ್‌ಟಾಪಿನಲ್ಲಿ ಕೂತವು. ಅಮ್ಮ ಮುಚ್ಚಳ ಹಾಕಿ ಅಲುಗಿಸಿದಳು. ಸದ್ದಿಲ್ಲ. ಸ್ವಿಚ್ ಒತ್ತಿದಳು.

ಪರದೆ ಬೆಳಗಿತು. ಹದ್ದು ಬಂತು, ಎರಡೂ ರೆಕ್ಕೆ ಬಿಚ್ಚಿಕೊಂಡು. ಟಕ್ ಎನ್ನುವ ಸದ್ದು ಎಲ್ಲೂ ಇರಲಿಲ್ಲ.

ಮಧ್ಯಾಹ್ನವಿಡೀ ಕಸೂತಿ ಮಷಿನ್ ಕಟಕಟ ಓಡಿತು. ಬಸ್ಸು ಟೇಬಲ್ ಮೇಲೆ ತಾನಾಗಿಯೇ ಚಲಿಸಿತು. ಬಾಲ ಅಂಚಿನಲ್ಲಿ ಕೈ ಒಡ್ಡಿ ನಿಂತು, ಬೀಳುವ ಮುಂಚೆ ಹಿಡಿದ. ಸಂಜೆಗೆ ಅಪ್ಪ ಬಂದು ಬಸ್ಸಿನ ಸುತ್ತ ಒಂದು ಸುತ್ತು ಹಾಕಿ, "ಇಂಥಾ ಗಾಜಿನ ಬಸ್ಸು ನಮ್ಮ ಡಿಪೋದಲ್ಲೇ ಇಲ್ಲ. ಇದರ ಡ್ರೈವರ್ ಕೆಲಸ ನಂಗೆ ಕೊಡಿಸಪ್ಪಾ," ಎಂದರು.

ಇಂಚುಪಟ್ಟಿ ಕೇಬಲ್ ಹಿಂತಿರುಗಿಸಲು ಹೋದಳು. ಅಂಗಡಿ ಆಂಟಿ ಕೇಳಿದರು, "ಸರಿಯಾಗಿ ಕೂತಿತಾ?"

"ಫ್ರೇಮ್ ಬೇಕಾಯ್ತು ಆಂಟಿ. ನಮ್ಮದು ಒಂಬತ್ತೂವರೆ." ಕೇಬಲನ್ನು ಅವರ ಕೈಗಿಟ್ಟು ಸೇರಿಸಿದಳು, "ನಾನು ನಿಮಗೆ ಮನೇಲಿ ಬೈದುಬಿಟ್ಟೆ. ನಿಮಗೆ ಕೇಳಿಸಿಲ್ಲ ಅಷ್ಟೇ."

"ಅದಕ್ಕೇ ಮಧ್ಯಾಹ್ನ ಅಷ್ಟು ಬಿಕ್ಕಳಿಕೆ ಬಂತು ನೋಡು!" ಎಂದು ಆಂಟಿ ನಕ್ಕರು. ಆಮೇಲೆ ತಲೆಯ ಮೇಲಿನ ಕನ್ನಡಕವನ್ನು ಹುಡುಕತೊಡಗಿದರು.

ಅವಳು ವಾಪಸಾದಾಗ ಅಂಗಳದಲ್ಲಿ ಆಟ ಶುರುವಾಗುವುದರಲ್ಲಿತ್ತು. ಎಲ್ಲರೂ ವೃತ್ತವಾಗಿ ನಿಂತಿದ್ದರು. ಬಾಲ ವೃತ್ತದ ಹೊರಗೆ, ಅವನ ಮಾಮೂಲಿ ಜಾಗದಲ್ಲಿ, ಬಸ್ಸು ಹಿಡಿದು ನಿಂತಿದ್ದ.

ಪಕ್ಕದ ಮನೆಯ ಉದ್ದ ಜಡೆಯ ಹುಡುಗಿ ಬೆರಳು ಮಡಚಿ ಎಣಿಸಿದಳು. "ನೀನು ಬಂದ್ಯಲ್ಲ, ಆರು ಜನ ಆದ್ವಿ."

"ಏಳು," ಎಂದಳು ಇಂಚುಪಟ್ಟಿ.

"ಏಳೆಲ್ಲಿ? ನಿನ್ನ ತಮ್ಮ ಲೆಕ್ಕಕ್ಕಿಲ್ವಲ್ಲ."

"ಇದ್ದಾನೆ."

ಅವಳು ಪಕ್ಕಕ್ಕೆ ಸರಿದು ಜಾಗ ಬಿಟ್ಟಳು. ಬಾಲ ಬಸ್ಸನ್ನು ಮೆಟ್ಟಿಲ ಮೇಲಿಟ್ಟು, ಕೈಯನ್ನು ಚಡ್ಡಿಗೆ ಒರೆಸಿಕೊಂಡು, ವೃತ್ತದೊಳಗೆ ಬಂದು ನಿಂತ.

ಮೊದಲ ಆಟದಲ್ಲೇ ಅವನು ಸಿಕ್ಕಿಬಿದ್ದ. ನೀರಿನ ತೊಟ್ಟಿಯ ಹಿಂದೆ ತಲೆ ಮಾತ್ರ ಬಚ್ಚಿಟ್ಟುಕೊಂಡು ಉಳಿದದ್ದನ್ನೆಲ್ಲ ಹೊರಗೆ ಬಿಟ್ಟಿದ್ದ. ಈ ಸಲ "ಅಯ್ಯೋ, ಇವನಾ!" ಎಂದು ಯಾರೂ ಬಿಡಲಿಲ್ಲ.

"ಕಳ್ಳ! ಬಾಲ ಕಳ್ಳ! ಹೋಗೋ, ಗೋಡೆಗೆ ಮುಖ ಮಾಡಿ ಎಣಿಸು!"

ಅಳುತ್ತಾನೇನೋ ಎಂದು ಇಂಚುಪಟ್ಟಿ ತಿರುಗಿ ನೋಡಿದಳು. ಬಾಲನ ಬಾಯಿ ಕಿವಿಯವರೆಗೂ ಅಗಲವಾಗಿತ್ತು. ಓಡಿಹೋಗಿ ಗೋಡೆಗೆ ಹಣೆ ಒತ್ತಿ, ಎರಡೂ ಕೈಯಿಂದ ಕಣ್ಣು ಮುಚ್ಚಿ, ಬೀದಿಗೆಲ್ಲ ಕೇಳುವಂತೆ ಕೂಗಿದ.

"ಸೊನ್ನೆ!"

ಓಡುತ್ತಿದ್ದವರು ಒಂದು ಗಳಿಗೆ ನಿಂತರು. ಎಣಿಸುವಾಗ ಸೊನ್ನೆಯಿಂದ ಯಾರಾದರೂ ಶುರುಮಾಡುತ್ತಾರೆಯೇ?

"ಲೇ, ಸೊನ್ನೆ ಎಣಿಸೋದಕ್ಕಿಲ್ಲ ಕಣೋ!" ಎಂದು ಉದ್ದ ಜಡೆಯ ಹುಡುಗಿ ಕೂಗಿದಳು.

ಇಂಚುಪಟ್ಟಿ ಆಗಲೇ ಮೆಟ್ಟಿಲ ಕೆಳಗೆ ತೂರಿಕೊಂಡಿದ್ದಳು. ಮೊಣಕಾಲನ್ನು ಎದೆಗೆ ಎಳೆದುಕೊಂಡು, ಲಂಗದ ಅಂಚನ್ನು ಒಳಗೆ ಸೇರಿಸಿಕೊಂಡಳು. ಅದಕ್ಕೆ ಬೇಕಾದಷ್ಟು ಹೊತ್ತು ಆ ಸೊನ್ನೆಯಿಂದ ಅವಳಿಗೆ ಸರಿಯಾಗಿ ಸಿಕ್ಕಿತ್ತು.

"ಒಂದು!" ಎಂದ ಬಾಲ.